ಗೌಡಾದ ಹಳೆಪೇಟೆಯಲ್ಲಿ ಒಂದು ಮನೆ: ಬೆಲೆಗಿಂತ ಮೊದಲು ಪಾಯ

ಇದು ನೆದರ್‌ಲ್ಯಾಂಡ್ಸ್‌ನ ಗೌಡಾ ಪಟ್ಟಣದಲ್ಲಿ 2024ರಲ್ಲಿ ನಡೆದ ಒಂದು ಖರೀದಿಯ ಕಥೆ. ಮನೆ ಕೊಂಡ ಕನ್ನಡದ ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಬೀದಿಯ ಹೆಸರು ಬಿಟ್ಟಿದ್ದೇನೆ, ಮನೆಯ ಅಳತೆ ಮತ್ತು ಅವರ ಉದ್ಯೋಗದ ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಹತ್ತಿರದ ಸಾವಿರಕ್ಕೆ ತಂದಿದ್ದೇನೆ. ಅವರ ಕಾಗದಪತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ಜೊತೆಗೆ ಕೂತು ಓದಿದವನು ನಾನು. ಡಚ್ ಹಳೆಪೇಟೆಗಳಲ್ಲಿ ಮನೆ ಹುಡುಕುವ ನಮ್ಮವರು ಈಗ ಹೆಚ್ಚುತ್ತಿದ್ದಾರೆ. ಅವರೆಲ್ಲ ಎಷ್ಟು ಬಿಡ್ ಮಾಡಬೇಕು ಎಂದು ಕೇಳುತ್ತಾರೆ. ಮನೆ ಯಾವುದರ ಮೇಲೆ ನಿಂತಿದೆ ಎಂದು ಕೇಳುವವರು ಕಡಿಮೆ. ಅದಕ್ಕೇ ಈ ಬರಹ.

ಹಿನ್ನೆಲೆ

ಹೆಂಡತಿಗೆ 33 ವರ್ಷ, ಗಂಡನಿಗೆ 37. ಆಕೆಯ ಕೆಲಸ ರಾಟರ್‌ಡ್ಯಾಮ್‌ನಲ್ಲಿ, ಆತನದು ಉಟ್ರೆಕ್ಟ್‌ನಲ್ಲಿ. ನಡುವೆ ಇರುವ ಗೌಡಾದಿಂದ ಎರಡೂ ಕಡೆಗೆ ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ. ಇಬ್ಬರದ್ದೂ ಕಾಯಂ ಕೆಲಸವಾದ್ದರಿಂದ ಗೃಹಸಾಲಕ್ಕೆ ತೊಂದರೆಯಿರಲಿಲ್ಲ. ಅದೇ ದುಡ್ಡಿಗೆ ಊರ ಹೊರಗಿನ ಬಡಾವಣೆಯಲ್ಲಿ ಇನ್ನೂ ದೊಡ್ಡದಾದ, ಹಿತ್ತಲು ಇರುವ ಮನೆ ಸಿಗುತ್ತಿತ್ತು. ಅವರು ಹಳೆಪೇಟೆಯನ್ನೇ ಬಯಸಿದರು. ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದ ಆಕೆಗೆ ತೊಲೆ ಕಾಣುವ ಮಾಡು ಬೇಕಿತ್ತು. ಆತನಿಗೆ ಕಾಲುವೆಯ ದಂಡೆ, ನಡೆದು ಹೋಗುವ ದೂರದಲ್ಲಿ ಸಂತೆ ಮತ್ತು ರೈಲು ನಿಲ್ದಾಣ ಬೇಕಿತ್ತು. 1450ರ ಸುಮಾರಿನ ಪುರಭವನ ನಿಂತ ಚೌಕ, ಬಣ್ಣದ ಗಾಜಿನ ಕಿಟಕಿಗಳಿಗೆ ಹೆಸರಾದ 123 ಮೀಟರ್ ಉದ್ದದ ಸಿಂತ್ ಯಾನ್ ಚರ್ಚು, ಕಾಲುವೆಯುದ್ದಕ್ಕೂ ಒಂದಕ್ಕೊಂದು ಆತು ನಿಂತ ಕಿರಿದಾದ ಇಟ್ಟಿಗೆ ಮನೆಗಳು. ಆ ಬೀದಿಗಳಲ್ಲಿ ಒಂದು ಸಂಜೆ ಅಡ್ಡಾಡಿದವರಿಗೆ ಅವರ ಆಸೆ ಅರ್ಥವಾಗುತ್ತದೆ.

ಆದರೆ ಆ ಚೆಲುವೆಲ್ಲ ನಿಂತಿರುವುದು ಮೆತ್ತನೆಯ ನೆಲದ ಮೇಲೆ. ಗೌಡಾದ ಕೆಳಗೆ ಹತ್ತು ಮೀಟರಿಗೂ ಹೆಚ್ಚು ಆಳಕ್ಕೆ ಜೌಗು ಸಸ್ಯಗಳು ಕೊಳೆತು ಆದ ಪೀಟ್ ಮಣ್ಣು ಮತ್ತು ಜೇಡಿ ಇದೆ. ಗಟ್ಟಿ ಮರಳು ಸಿಗುವುದು ಅದರ ಕೆಳಗೆ. ನೆಲ ಶತಮಾನಗಳಿಂದ ಇಳಿಯುತ್ತಲೇ ಇದೆ, ಈಗಲೂ ವರ್ಷಕ್ಕೆ ಕೆಲವು ಮಿಲಿಮೀಟರ್ ಇಳಿಯುತ್ತದೆ. ಹಳೆಯ ಮನೆಗಳಲ್ಲಿ ಎರಡು ಬಗೆ. ಒಂದು ಬಗೆಯ ಮನೆಗಳ ಇಟ್ಟಿಗೆ ಪಾಯ ನೇರ ಮಣ್ಣಿನ ಮೇಲೇ ಕೂತಿದೆ, ಇವು ನೆಲದ ಜೊತೆಗೇ ಇಳಿಯುತ್ತವೆ. ಕಾಲುವೆಯ ನೀರು ಇದ್ದಲ್ಲೇ ಇರುವುದರಿಂದ ವರ್ಷ ಕಳೆದಂತೆ ನೆಲಹಾಸು ನೀರಿಗೆ ಹತ್ತಿರವಾಗಿ ಗೋಡೆಗೆ ತೇವ ಏರುತ್ತದೆ. ಇನ್ನೊಂದು ಬಗೆಯವು ನೆಲಕ್ಕೆ ಆಳವಾಗಿ ಹೊಡೆದ ಮರದ ಕಂಬಗಳ, ಅಂದರೆ ಪೈಲ್‌ಗಳ ಮೇಲೆ ನಿಂತವು. ನೀರಿನೊಳಗೆ ಮುಳುಗಿರುವಷ್ಟು ಕಾಲ ಆ ಮರ ಬಲು ಕಾಲ ಬಾಳುತ್ತದೆ. ಅಂತರ್ಜಲ ಇಳಿದು ಪೈಲ್‌ನ ತಲೆಗೆ ಗಾಳಿ ತಾಗಿದರೆ ಕೊಳೆಯತೊಡಗುತ್ತದೆ. ಹೀಗಾಗಿ ಒಂದೇ ಬೀದಿಯಲ್ಲಿ ಒಬ್ಬರಿಗೆ ನೀರು ಇಳಿಯಬೇಕು, ಪಕ್ಕದವರಿಗೆ ಇಳಿಯಲೇಬಾರದು. ನಗರಸಭೆ ಮತ್ತು ರೈನ್‌ಲ್ಯಾಂಡ್ ಜಲಮಂಡಳಿ ಸೇರಿ 2020ರಲ್ಲಿ ಹಳೆಪೇಟೆಗೊಂದು ಯೋಜನೆ ಒಪ್ಪಿದವು. ಅದರ ಪ್ರಕಾರ ತುರ್ಫ್‌ಮಾರ್ಕ್ಟ್ ಬೀದಿಯ ಸುತ್ತಲಿನ ಭಾಗದಲ್ಲಿ ನೀರಿನ ಮಟ್ಟವನ್ನು ಹಂತಹಂತವಾಗಿ 25 ಸೆಂ.ಮೀ. ಇಳಿಸಬೇಕು. ಈ ದಂಪತಿ ಮೆಚ್ಚಿದ ಮನೆ ಅದೇ ಭಾಗದ್ದು.

ಮನೆ ಮತ್ತು ಸಮಸ್ಯೆ

ಮುಂಭಾಗ 17ನೇ ಶತಮಾನದ್ದು, ರೈಕ್ಸ್‌ಮಾನ್ಯುಮೆಂಟ್, ಅಂದರೆ ರಾಷ್ಟ್ರೀಯ ಸಂರಕ್ಷಿತ ಕಟ್ಟಡ. ಹಿಂದೆ ಅಡುಗೆಮನೆ, ಬಚ್ಚಲುಮನೆ ಇರುವ ಹೊಸ ಭಾಗ. ಕೇಳಿದ ಬೆಲೆ 4,65,000 ಯೂರೊ. ಮಾರುತ್ತಿದ್ದವರು ವಯಸ್ಸಾದ ದಂಪತಿ, ಮೆಟ್ಟಿಲು ಹತ್ತಲಾಗದೆ ಫ್ಲ್ಯಾಟ್‌ಗೆ ಹೋಗುವವರಿದ್ದರು. ಮನೆಯನ್ನು ಪ್ರೀತಿಯಿಂದ ನೋಡಿಕೊಂಡಿದ್ದರು, ಅದು ಪ್ರತಿ ಮೂಲೆಯಲ್ಲೂ ಕಾಣುತ್ತಿತ್ತು.

ಮನೆ ನೋಡಲು ಸಿಕ್ಕಿದ್ದು ಅರ್ಧ ಗಂಟೆಯೂ ಇಲ್ಲ. ಗಂಡ ಹೆಂಡತಿ ತೊಲೆ ನೋಡುತ್ತಿದ್ದರೆ, ಅವರ ಪರವಾಗಿ ಬಂದಿದ್ದ ಮಾಕೆಲಾರ್, ಅಂದರೆ ಕೊಳ್ಳುವವರ ಏಜೆಂಟ್, ಬೇರೆ ಮೂರು ಕಡೆ ನೋಡಿದರು. ಮುಂಭಾಗದ ಗೋಡೆಗೆ ಸೊಂಟದ ಎತ್ತರದವರೆಗೆ ಮಾತ್ರ ಹೊಸ ಸಿಮೆಂಟ್ ಗಾರೆ. ಹಳೆಯ ಭಾಗ ಮತ್ತು ಹಿಂದಿನ ಭಾಗ ಸೇರುವಲ್ಲಿ ನೆಲದಿಂದ ಮಾಳಿಗೆಯವರೆಗೆ ಒಂದೇ ಬಿರುಕು, ಮೇಲೆ ಬಣ್ಣ ಬಳಿದಿದ್ದರೂ ಕಾಣುವಂಥದ್ದು. ಮುಂಬಾಗಿಲ ಚೌಕಟ್ಟು ಒಂದು ಕಡೆಗೆ ವಾಲಿತ್ತು. ಮಾರುವವರು ತುಂಬಿಕೊಟ್ಟ ಪ್ರಶ್ನಾವಳಿಯಲ್ಲಿ ಪಾಯದ ಬಗೆ ಯಾವುದು ಎಂಬ ಸಾಲಿನ ಮುಂದೆ ‘ಗೊತ್ತಿಲ್ಲ’ ಎಂದಿತ್ತು. ಕರಡು ಕರಾರಿನಲ್ಲಿ ಹಳೆಯ ಮನೆಗಳಿಗೆ ಹಾಕುವ ವಯಸ್ಸಿನ ಷರತ್ತು ಇತ್ತು. ಇಷ್ಟು ಹಳೆಯ ಕಟ್ಟಡದಿಂದ ಹೊಸ ಮನೆಯ ಗುಣಮಟ್ಟ ನಿರೀಕ್ಷಿಸಬಾರದು, ಪಾಯ, ತೇವ ಮುಂತಾದವುಗಳ ಕೊರತೆ ಕೊಳ್ಳುವವರ ಪಾಲಿಗೆ ಎಂಬುದು ಅದರ ಸಾರ. ಅದರಲ್ಲಿ ಮೋಸವೇನಿಲ್ಲ, ಹಳೆಪೇಟೆಯ ಬಹುಪಾಲು ಕರಾರುಗಳಲ್ಲಿ ಇರುವುದೇ. ಆದರೆ ಆ ಷರತ್ತಿಗೆ ಸಹಿ ಹಾಕಿದ ಮೇಲೆ ‘ಗೊತ್ತಿಲ್ಲ’ ಎಂಬ ಉತ್ತರದ ಹೊರೆ ಪೂರ್ತಿ ಕೊಳ್ಳುವವರ ಮೇಲೆ ಬೀಳುತ್ತದೆ.

ಹಣದ ಲೆಕ್ಕವೂ ಇದಕ್ಕೆ ತಳಕು ಹಾಕಿಕೊಂಡಿದೆ. ಅಲ್ಲಿ ಮನೆಯ ಮೌಲ್ಯಮಾಪನದ 100 ಪ್ರತಿಶತದವರೆಗೆ ಸಾಲ ಸಿಗುತ್ತದೆ, ಅದರ ಮೇಲೆ ಬಿಡ್ ಮಾಡಿದ ಪ್ರತಿ ಯೂರೊ ಸ್ವಂತ ಜೇಬಿನದು. ನೋಟರಿ, ಮೌಲ್ಯಮಾಪಕ, ಸಾಲ ಸಲಹೆಗಾರ, ತೆರಿಗೆ ಕೂಡ ಜೇಬಿನಿಂದಲೇ. ತಾನು ವಾಸಿಸುವ ಮನೆಗೆ ವರ್ಗಾವಣೆ ತೆರಿಗೆ 2 ಪ್ರತಿಶತ. 35 ತುಂಬದವರಿಗೆ, ಒಮ್ಮೆ ಮಾತ್ರ, ಮನೆಯ ಬೆಲೆ ಮಿತಿಯೊಳಗಿದ್ದರೆ ಅದೂ ಇಲ್ಲ. 2024ರಲ್ಲಿ ಆ ಮಿತಿ 5,10,000 ಯೂರೊ. ಇದನ್ನು ಒಬ್ಬೊಬ್ಬರ ಪಾಲಿಗೆ ಬೇರೆಯಾಗಿ ನೋಡುವುದರಿಂದ ಹೆಂಡತಿಯ ಅರ್ಧಕ್ಕೆ ವಿನಾಯಿತಿ, ಗಂಡನ ಅರ್ಧಕ್ಕೆ ತೆರಿಗೆ. ಊರಿನಿಂದ ಹಿರಿಯರು ಹಣ ಕಳಿಸುತ್ತೇವೆ ಎಂದರು. ಆಗ ಭಾರತದಿಂದ ವರ್ಷಕ್ಕೆ 7 ಲಕ್ಷ ರೂಪಾಯಿ ಮೀರಿ ಇಂಥ ಉದ್ದೇಶಕ್ಕೆ ಕಳಿಸಿದರೆ ಮೇಲಿನ ಮೊತ್ತಕ್ಕೆ 20 ಪ್ರತಿಶತ ಟಿ.ಸಿ.ಎಸ್., ಅಂದರೆ ಕಳಿಸುವಾಗಲೇ ವಸೂಲಿ ಮಾಡುವ ಮುಂಗಡ ತೆರಿಗೆ, ಹಿಡಿಯುತ್ತಿದ್ದರು. ಆಮೇಲೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಿರುತ್ತದೆ. ಅದಲ್ಲದೆ ಹಣದ ಮೂಲಕ್ಕೆ ಡಚ್ ಬ್ಯಾಂಕ್ ದಾಖಲೆ ಕೇಳುತ್ತದೆ. ಕರಾರಿನ ಗಡುವಿನೊಳಗೆ ಇದೆಲ್ಲ ಮುಗಿಯುವುದು ಅನುಮಾನವೆನಿಸಿ ಇಬ್ಬರೂ ತಮ್ಮ ಉಳಿತಾಯದಲ್ಲೇ ನಿಭಾಯಿಸಲು ನಿಂತರು. ಅಂದರೆ ಬಿಡ್ ಹೆಚ್ಚಿಸಿದಷ್ಟೂ ರಿಪೇರಿಗೆ ಇಟ್ಟ ಹಣ ಕರಗುತ್ತಿತ್ತು.

ಮೊದಲ ನಿರ್ಧಾರ: ಷರತ್ತು ಬಿಡದೆ ಸೋತದ್ದು

ಬಿಡ್ ಮುಚ್ಚಿದ ಲಕೋಟೆಯ ಮಾದರಿಯಲ್ಲಿ ನಡೆಯಿತು. ಬೇರೆಯವರು ಎಷ್ಟು ಹೇಳಿದರೆಂದು ಗೊತ್ತಾಗುವುದಿಲ್ಲ. ಗೆಲ್ಲಬೇಕೆಂದರೆ ಹಿಂದೆ ಸರಿಯಲು ದಾರಿ ಬಿಡುವ ಷರತ್ತು ಕಡಿಮೆ ಮಾಡಿ ಎಂಬುದು ಎಲ್ಲರೂ ಕೊಡುವ ಸಲಹೆ. ಇಲ್ಲಿ ಗಂಡ ಹೆಂಡತಿಗೆ ಒಮ್ಮತವಿರಲಿಲ್ಲ. ಕಟ್ಟಡ ತಪಾಸಣೆಯ ಷರತ್ತು ತೆಗೆಯೋಣ, ಬೇಕಾದರೆ ಬಿಡ್‌ಗೆ ಮೊದಲೇ ತಪಾಸಕರನ್ನು ಕರೆಸೋಣ ಎಂದು ಆತ. ತಪಾಸಕರು ಕಣ್ಣಿಗೆ ಕಾಣುವುದನ್ನು ಮಾತ್ರ ನೋಡುತ್ತಾರೆ, ನೆಲ ಅಗೆಯುವುದಿಲ್ಲವಲ್ಲ ಎಂದು ಆಕೆ. ಆಕೆ ಹೇಳಿದ್ದು ಸರಿಯಾಗಿತ್ತು. ಪಾಯ ನೋಡಲು ಗೋಡೆಯ ಪಕ್ಕದಲ್ಲಿ ಗುಂಡಿ ತೋಡಬೇಕು, ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು, ವಾರಗಟ್ಟಲೆ ಸಮಯ ಬೇಕು.

ಕೊನೆಗೆ ಸಾಲ ಸಿಗಬೇಕೆಂಬ ಷರತ್ತು, ತಪಾಸಣೆಯ ಷರತ್ತು ಎರಡನ್ನೂ ಉಳಿಸಿಕೊಂಡು 4,76,000 ಯೂರೊ ಬರೆದರು. ಯಾವ ಷರತ್ತೂ ಇಲ್ಲದೆ 4,90,000 ಬರೆದವರು ಗೆದ್ದರು.

ಆ ವಾರ ಅವರಿಗೆ ಕಹಿಯಾಗಿತ್ತು. ನನ್ನ ಎಣಿಕೆಯಲ್ಲಿ ಇಡೀ ಪ್ರಕರಣದ ಒಳ್ಳೆಯ ನಿರ್ಧಾರ ಇದೇ. ಗೆದ್ದವರ ಜಾಗದಲ್ಲಿ ಇವರಿದ್ದಿದ್ದರೆ 14,000 ಯೂರೊ ಹೆಚ್ಚು ಕೊಟ್ಟು, ರಿಪೇರಿಯ ಗಂಟು ಬರಿದಾಗಿ, ನೆಲದಡಿ ಏನಿದೆ ಎಂದು ತಿಳಿಯದೆ ಒಳಗೆ ಹೋಗಿರುತ್ತಿದ್ದರು.

ತಿರುವು

ಡಚ್ ಕಾನೂನಿನಲ್ಲಿ ಮನೆ ಮಾರಾಟದ ಕರಾರು ಬರಹದಲ್ಲೇ ಇರಬೇಕು. ಸಹಿಯಾದ ಪ್ರತಿ ಕೈಸೇರಿದ ಮೇಲೆ ಕೊಳ್ಳುವವರಿಗೆ ಮೂರು ದಿನಗಳ ಮರುಯೋಚನೆಯ ಅವಧಿ ಇದೆ. ಆಗ ಕಾರಣ ಕೊಡದೆ, ದಂಡ ತೆರದೆ ಹಿಂದೆ ಸರಿಯಬಹುದು. ಆ ಅವಧಿ ದಾಟಿದರೆ ಸಾಮಾನ್ಯವಾಗಿ ಬೆಲೆಯ 10 ಪ್ರತಿಶತ ದಂಡ. ಗೆದ್ದವರು ಆ ಅವಧಿಯಲ್ಲೇ ಹಿಂದೆ ಸರಿದರು. ಮಾರುವವರ ಏಜೆಂಟ್ ಇವರಿಗೆ ಫೋನ್ ಮಾಡಿ, 4,76,000ಕ್ಕೆ ಈಗಲೂ ಒಪ್ಪಿಗೆಯೇ ಎಂದು ಕೇಳಿದರು.

ತಕ್ಷಣ ಹೌದು ಎನ್ನುವುದು ಸುಲಭವಿತ್ತು. ಇವರು ಎರಡು ದಿನ ಸಮಯ ಕೇಳಿ, ಆ ಎರಡು ದಿನ ದಾಖಲೆಗೆ ಇಳಿದರು. ಗೌಡಾದ ಹಳೆಯ ಚಾಕೊಲೇಟ್ ಕಾರ್ಖಾನೆಯ ಕಟ್ಟಡದಲ್ಲಿ ಗ್ರಂಥಾಲಯದ ಜೊತೆಗೇ ಆ ಪ್ರದೇಶದ ಪತ್ರಾಗಾರ ಇದೆ. ಅಲ್ಲಿ ಈ ಮನೆಯ ಹಳೆಯ ಪರವಾನಗಿಯ ಕಡತ ಸಿಕ್ಕಿತು. ಹಿಂದಿನ ಭಾಗದ ನಕ್ಷೆಯಲ್ಲಿ ಮರಳಿನವರೆಗೆ ಇಳಿಸಿದ ಕಾಂಕ್ರೀಟ್ ಪೈಲ್‌ಗಳು ಸ್ಪಷ್ಟವಾಗಿದ್ದವು. ಮುಂಭಾಗಕ್ಕೆ ಪೈಲ್ ಇದ್ದ ಗುರುತೇ ಇರಲಿಲ್ಲ. ಬಿರುಕಿನ ಕಾರಣ ಅಲ್ಲೇ ತೆರೆದುಕೊಂಡಿತು. ಹಿಂದಿನ ಭಾಗ ಅಲುಗದೆ ನಿಂತಿದೆ, ಮುಂದಿನ ಭಾಗ ನೆಲದ ಜೊತೆ ನಿಧಾನವಾಗಿ ಇಳಿಯುತ್ತಿದೆ. ಎರಡನ್ನೂ ಒಂದೇ ಗೋಡೆಯಾಗಿ ಬೆಸೆದಿದ್ದರಿಂದ ಹರಿಯಲೇಬೇಕಿತ್ತು.

ಇದನ್ನು ಕೈಯಲ್ಲಿಟ್ಟುಕೊಂಡು ಅವರ ಏಜೆಂಟ್ ಬರೆದ ಒಂದು ಸಾಲೇ ಮುಂದೆ ಎಲ್ಲವನ್ನೂ ತೀರ್ಮಾನಿಸಿತು. ತಪಾಸಣೆಯ ಮಾಮೂಲಿ ಷರತ್ತಿನಲ್ಲಿ ‘ತಕ್ಷಣ ಮಾಡಲೇಬೇಕಾದ ರಿಪೇರಿಯ ವೆಚ್ಚ ಇಷ್ಟು ಮೀರಿದರೆ ಕರಾರು ರದ್ದು’ ಎಂದಿರುತ್ತದೆ. ನಿಧಾನವಾಗಿ ಇಳಿಯುವ ಮನೆಯಲ್ಲಿ ಯಾವುದೂ ತಕ್ಷಣದ್ದಲ್ಲ. ಹತ್ತು ವರ್ಷ ಬಿಟ್ಟು ಲಕ್ಷ ಯೂರೊ ಬೇಕಾಗಬಹುದು, ಆದರೆ ವರದಿಯ ‘ತಕ್ಷಣ’ದ ಸಾಲಿನಲ್ಲಿ ಸೊನ್ನೆ ಇರುತ್ತದೆ. ಆದ್ದರಿಂದ ಇವರ ಕರಾರಿನಲ್ಲಿ ಹೀಗೆ ಹಾಕಿಸಿದರು: ಪರಿಣತರು ಗುಂಡಿ ತೋಡಿ ಪಾಯ ನೋಡಬೇಕು, ಈಗಿನ ಸ್ಥಿತಿಯಲ್ಲಿ ಅದು ಕನಿಷ್ಠ 25 ವರ್ಷ ತಡೆಯುತ್ತದೆ ಎಂದು ವರದಿ ಹೇಳದಿದ್ದರೆ ಕೊಳ್ಳುವವರು ಹಿಂದೆ ಸರಿಯಬಹುದು. ಒಮ್ಮೆ ಗಿರಾಕಿ ಕೈತಪ್ಪಿದ ಮಾರಾಟಗಾರರು ಒಪ್ಪಿದರು. ತಪಾಸಣೆಯ ಖರ್ಚು ಇವರದು. ಹಳೆಪೇಟೆಯಲ್ಲಿ ಕೊಳ್ಳುವವರು ಬೇರೇನು ಮರೆತರೂ ಈ ಎರಡು ಷರತ್ತುಗಳ ವ್ಯತ್ಯಾಸ ಮರೆಯಬಾರದು.

ವರದಿ ಹೇಳಿದ್ದು

ಎಂಜಿನಿಯರ್ ಎರಡು ಕೆಲಸ ಮಾಡಿದರು. ಒಂದು, ಇಟ್ಟಿಗೆ ಸಾಲುಗಳ ಮಟ್ಟ ಅಳೆದರು. ಕಟ್ಟಿದಾಗ ನೇರವಿದ್ದ ಸಾಲು ಈಗ ಎಲ್ಲಿ ಎಷ್ಟು ಇಳಿದಿದೆ ಎಂಬುದು ನಾನೂರು ವರ್ಷಗಳ ಚರಿತ್ರೆಯನ್ನೇ ಹೇಳುತ್ತದೆ. ಇನ್ನೊಂದು, ಒಳಗಿನಿಂದ ಗುಂಡಿ ತೋಡಿದರು. ಮುಂಭಾಗದ ಗೋಡೆ ಕೆಳಗೆ ಅಗಲವಾಗುತ್ತಾ ಹೋದ ಇಟ್ಟಿಗೆಯ ಪಾಯದ ಮೇಲಿತ್ತು, ಅದರ ಕೆಳಗೆ ಬರೀ ಮಣ್ಣು. ಮರದ ಪೈಲ್ ಇಲ್ಲವಾದ್ದರಿಂದ ನೀರು ಇಳಿದರೂ ಕೊಳೆಯುವ ಭಯವಿಲ್ಲ. ಆದರೆ ಮುಂಭಾಗ ಎಡಗಡೆಗೆ ಹೆಚ್ಚು ಇಳಿದಿತ್ತು. ಎಡಪಕ್ಕದ ಗೋಡೆ ನೆರೆಮನೆಯೊಂದಿಗೆ ಹಂಚಿಕೊಂಡದ್ದು. ತಡೆಯುವ ಅವಧಿಯನ್ನು 15ರಿಂದ 25 ವರ್ಷ ಎಂದು ಅವರು ಬರೆದರು. ಷರತ್ತು ಜಾರಿಗೆ ಬಂತು.

ಬ್ಯಾಂಕಿನ ಮೌಲ್ಯಮಾಪಕರು ಆ ಹೊತ್ತಿಗೆ 4,62,000 ಎಂದು ಬರೆದಿದ್ದರು. ಅಂದರೆ ಹಳೆಯ ಬೆಲೆಯಲ್ಲೇ ಮುಂದುವರಿದರೆ 14,000 ಯೂರೊ ಜೇಬಿನಿಂದ.

ಗಂಡ ಬಿಟ್ಟುಬಿಡೋಣ ಎಂದ. ಹೆಂಡತಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: “ಬಿಡೋಣ ಅಂದ್ರೆ ಬಿಡೋಣ. ಆದ್ರೆ ಯಾಕೆ ಬಿಡ್ತಿದೀವಿ ಅಂತ ಸರಿಯಾಗಿ ಹೇಳು. ಇಳೀತಿದೆ ಅಂತಾನಾ, ಇಳಿಯೋದು ಗೊತ್ತಾಯ್ತು ಅಂತಾನಾ? ಆಚೆ ಬೀದಿಯ ಮನೆಗಳೂ ಇಳೀತಾನೇ ಇವೆ, ಅವರಿಗೆ ಗೊತ್ತಿಲ್ಲ ಅಷ್ಟೇ.” ಆ ರಾತ್ರಿ ಊರಿಗೆ ವಿಡಿಯೊ ಕಾಲ್ ಹೋಯಿತು. ಹಳೇ ಮನೆಗೆ ಇಷ್ಟು ದುಡ್ಡು ಸುರೀತೀರಾ ಮಗಾ ಎಂದು ಅತ್ತೆ, ಪಕ್ಕದ ಮನೆಯವರನ್ನ ಮಾತಾಡಿಸಿದ್ರಾ ಎಂದು ಮಾವ. ಮಾವನ ಪ್ರಶ್ನೆಯಿಂದ ಕೆಲಸವಾಯಿತು.

ಮರುದಿನ ಎಡಮನೆಯ ಹಿರಿಯರನ್ನು ಕಂಡರು. ಅವರ ಮನೆ ಮರದ ಪೈಲ್‌ಗಳ ಮೇಲಿತ್ತು. ನೀರಿನ ಮಟ್ಟ ಇಳಿಸುವ ಯೋಜನೆಯ ಬಗ್ಗೆ ಅವರಿಗೆ ಆತಂಕವಿತ್ತು, ಹಿತ್ತಲಿನಲ್ಲಿ ಅಂತರ್ಜಲ ಅಳೆಯುವ ಕೊಳವೆ ಹಾಕಿಸಿ ಲೆಕ್ಕ ಬರೆದಿಡುತ್ತಿದ್ದರು. ಇವರಿಗೆ ನೀರು ಇಳಿದರೆ ತೇವ ಕಡಿಮೆ, ಅವರಿಗೆ ನೀರು ಇಳಿದರೆ ಪೈಲ್‌ಗೆ ಕೇಡು, ನಡುವೆ ಇಬ್ಬರಿಗೂ ಸೇರಿದ ಒಂದೇ ಗೋಡೆ. ಆ ಹಿರಿಯರು ತಮ್ಮ ಬರಹಗಳನ್ನೆಲ್ಲ ಮೇಜಿನ ಮೇಲೆ ಹರಡಿ ತೋರಿಸಿದರು. ಯಾರೇ ಕೊಂಡರೂ ಗೋಡೆಗೆ ಅಳತೆಯ ಮೊಳೆ ಹೊಡೆಸಿ, ಖರ್ಚು ಹಂಚಿಕೊಂಡು ಅದರ ಚಲನೆ ನೋಡುತ್ತಿರೋಣ ಎಂಬುದು ಅವರ ಬಹುದಿನದ ಕೋರಿಕೆ.

ಎಂಜಿನಿಯರ್ ಮುಂದೆ ಮೂರು ದಾರಿ ಇಟ್ಟರು. ಮುಂಭಾಗಕ್ಕೆ ಪೂರ್ತಿ ಹೊಸ ಪಾಯ: ಒಳಗಿನಿಂದ ಉಕ್ಕಿನ ಪೈಲ್ ಒತ್ತಿ ಕಾಂಕ್ರೀಟ್ ಹಾಸು ಹಾಕುವುದು. ಲಕ್ಷ ಯೂರೊ ದಾಟುವ ಕೆಲಸ, ಜಂಟಿ ಗೋಡೆಯಿರುವುದರಿಂದ ನೆರೆಯವರನ್ನು ಬಿಟ್ಟು ಮಾಡುವಂತಿಲ್ಲ, ಇವರದೊಂದೇ ಗಟ್ಟಿಯಾಗಿ ನಿಂತರೆ ಸಾಲುಮನೆಗಳಲ್ಲಿ ಹೊಸ ಬಿರುಕು. ಎರಡನೆಯದು ಏನೂ ಮಾಡದೆ ಇರುವುದು. ಮೂರನೆಯದು, ಮುಂದಿನ ಮತ್ತು ಹಿಂದಿನ ಭಾಗಗಳನ್ನು ಬಿಡಿಸಿ ನಡುವೆ ಬಾಗುವ ಸಂದು ಕೊಟ್ಟು, ಇಳಿಯುವುದು ಇಳಿಯಲಿ, ಹರಿಯದಿರಲಿ ಎಂದು ಬಿಡುವುದು, ಮುಂಭಾಗದ ಮೇಲಿನ ಭಾರ ಕಡಿಮೆ ಮಾಡುವುದು, ವರ್ಷವರ್ಷ ಅಳೆಯುವುದು. ಇವರು ಮೂರನೆಯದನ್ನು ಆಯ್ದರು. ಅದರ ಅಂದಾಜನ್ನು ವರದಿಯ ಜೊತೆಗಿಟ್ಟು ಮಾತುಕತೆಗೆ ಕೂತರು. ಬೆಲೆ 4,55,000 ಯೂರೊಗೆ ಬಂತು. ಸಾಲಕ್ಕೂ ಬೆಲೆಗೂ ನಡುವೆ ಅಂತರ ಉಳಿಯಲಿಲ್ಲ, ರಿಪೇರಿಯ ಗಂಟು ಹಾಗೇ ಉಳಿಯಿತು. ಗಂಡನ ಪಾಲಿನ ವರ್ಗಾವಣೆ ತೆರಿಗೆ 4,550 ಯೂರೊ. ನೋಟರಿಯ ಮುಂದೆ ಪತ್ರವಾಗಿ ಕಡಾಸ್ಟರ್ ಎಂಬ ಭೂದಾಖಲೆಯಲ್ಲಿ ಇಬ್ಬರ ಹೆಸರೂ ಏರಿತು.

ಮನೆ ಕೈಗೆ ಬಂದ ಮೇಲೆ

ಎಡವುವ ಜಾಗ ಇಲ್ಲಿಯೂ ಇತ್ತು. ತೇವ ಕಂಡ ಮೊದಲ ಗುತ್ತಿಗೆದಾರರು ಮುಂಭಾಗಕ್ಕೆ ದಪ್ಪ ಕಾಂಕ್ರೀಟ್ ನೆಲ, ಗೋಡೆಗೆ ಇನ್ನಷ್ಟು ಎತ್ತರಕ್ಕೆ ಸಿಮೆಂಟ್ ಗಾರೆ ಎಂದು ಕೊಟೇಶನ್ ಕೊಟ್ಟರು. ಬೆಲೆ ಕಡಿಮೆ, ಕೆಲಸ ಬೇಗ. ದಂಪತಿ ಅದನ್ನು ಎಂಜಿನಿಯರ್‌ಗೆ ತೋರಿಸಿದರು. ಇಳಿಯುತ್ತಿರುವ ಮನೆಯ ಮೇಲೆ ಟನ್‌ಗಟ್ಟಲೆ ಕಾಂಕ್ರೀಟ್ ಹೇರಿದರೆ ಅದು ಇನ್ನೂ ಬೇಗ ಇಳಿಯುತ್ತದೆ. ಸಿಮೆಂಟ್ ಗಾರೆ ತೇವವನ್ನು ನಿಲ್ಲಿಸುವುದಿಲ್ಲ, ಒಳಗೆ ಸಿಕ್ಕಿಸಿ ಇನ್ನೂ ಮೇಲಕ್ಕೆ ಹತ್ತಿಸುತ್ತದೆ. ಮುಂಚಿನ ಗಾರೆ ಸೊಂಟದ ಎತ್ತರಕ್ಕೆ ಏರಿದ್ದೂ ಹೀಗೆಯೇ ಇರಬೇಕು. ಕೊನೆಗೆ ಗಾಳಿಯಾಡುವ ಮರದ ನೆಲ, ಸಿಮೆಂಟ್ ಕೆತ್ತಿ ತೆಗೆದು ಸುಣ್ಣದ ಗಾರೆ. ಗೋಡೆ ಒಣಗಲು ಬೇಸಿಗೆಯಿಡೀ ಬೇಕಾಯಿತು.

ಸಂರಕ್ಷಿತ ಕಟ್ಟಡವಾದ್ದರಿಂದ ಒಳಗಿನ ಗೋಡೆ, ನೆಲ, ಮೆಟ್ಟಿಲಿಗೂ ಪರವಾನಗಿ ಬೇಕು. ಮುಂಗೋಡೆಗಷ್ಟೇ ಎಂದು ಅನೇಕರು ಎಣಿಸುತ್ತಾರೆ. ಸಾಮಾನ್ಯ ಅರ್ಜಿಗೆ 8 ವಾರ, ಅದನ್ನು ಇನ್ನೂ 6 ವಾರ ಹಿಗ್ಗಿಸಬಹುದು. ಅಲ್ಲಿಯವರೆಗೆ ಬಾಡಿಗೆ ಮತ್ತು ಸಾಲದ ಕಂತು ಎರಡೂ ಕಟ್ಟಬೇಕಾಗುತ್ತದೆಂದು ಇವರು ಮೊದಲೇ ಲೆಕ್ಕ ಹಾಕಿದ್ದರು. ಹಳೆಯ ಗಾಜು ಉಳಿಸಿ ಒಳಗಡೆಯಿಂದ ಎರಡನೆಯ ಗಾಜಿನ ಚೌಕಟ್ಟು ಕೂರಿಸಿದರು. ಮಾಡಿನ ಸೀಸದ ಹಾಳೆ, ಹೆಂಚು, ಕಿಟಕಿಯ ಬಣ್ಣದಂಥ ನಿರ್ವಹಣೆಗೆ, ವಾಸದ ರೈಕ್ಸ್‌ಮಾನ್ಯುಮೆಂಟ್‌ಗಳಿಗೆಂದೇ ಇರುವ ಸಹಾಯಧನದಲ್ಲಿ ಮಾನ್ಯ ವೆಚ್ಚದ 38 ಪ್ರತಿಶತದವರೆಗೆ ಮರಳಿ ಸಿಗುತ್ತದೆ. 2019ರಲ್ಲಿ ಹಳೆಯ ತೆರಿಗೆ ಕಡಿತದ ಬದಲಿಗೆ ಬಂದದ್ದು ಇದು. ಖರ್ಚು ಮಾಡಿದ ಮರುವರ್ಷ ಅರ್ಜಿ ಹಾಕಬೇಕು, ಆದ್ದರಿಂದ ಮೊದಲು ಕೈಯಿಂದ ಹಾಕುವ ಹಣ ಇರಬೇಕು.

ಸಂದು ಕೊಟ್ಟ ಮೇಲೆ ಆ ಹಳೆಯ ಬಿರುಕು ಮತ್ತೆ ತೆರೆದಿಲ್ಲ. ಮುಂಭಾಗ ಇಳಿಯುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಜಂಟಿ ಗೋಡೆಗೆ ಅಳತೆಯ ಮೊಳೆಗಳು ಬಿದ್ದಿವೆ. ಅಳೆಯುವವರ ಬಿಲ್ ಎರಡು ಮನೆಗಳಿಗೂ ಅರ್ಧರ್ಧ ಬರುತ್ತದೆ, ವರದಿಯ ಪ್ರತಿ ಇಬ್ಬರ ಕೈಗೂ ಹೋಗುತ್ತದೆ. ಎಡಮನೆಯ ಹಿರಿಯರ ಪೈಲ್‌ಗಳಿಗೆ ಮುಂದೊಂದು ದಿನ ಹೊಸ ಪಾಯ ಬೇಕಾದರೆ ಇಬ್ಬರೂ ಕೂಡಿಯೇ ಎಂಜಿನಿಯರನ್ನು ಕರೆಸಬೇಕೆಂದು ಒಂದು ಪುಟದ ಒಪ್ಪಂದ ಬರೆದುಕೊಂಡಿದ್ದಾರೆ. ಅದಕ್ಕೆಂದು ಇವರು ತಿಂಗಳಿಗಿಷ್ಟು ಎಂದು ಬೇರೆ ಖಾತೆಯಲ್ಲಿ ಹಣ ತೆಗೆದಿಡುತ್ತಿದ್ದಾರೆ.